ಕಾಲಸರಣಿ ಎಂಬ ಲೆಕ್ಕ: ಒಂದು ವಿಮರ್ಶೆ

ಈಗೀಗ ಯಾವ ಪೇಪರ್ ಬಿಡಿಸಿದರೂ ಗೆರೆಯ ಪಟ ಒಂದಾದರೂ ಇರ್ತದೆ. ಅಡ್ಡಕ್ಕೆ ವರ್ಷ, ಉದ್ದಕ್ಕೆ ಬೆಲೆ, ನಡುವೆ ಹಾವು ಹರಿದಂಗೆ ಒಂದು ಗೆರೆ. ಹತ್ತಿ, ಮಳೆ, ಜನಸಂಖ್ಯೆ, ಓಟು, ಎಲ್ಲಕ್ಕೂ ಅದೇ ಪಟ. ಓದಿದವರು ಇದಕ್ಕೆ ಕಾಲಸರಣಿ ಅಂತಾರೆ. ಒಂದೇ ವಸ್ತುವನ್ನು ವರ್ಷ ವರ್ಷ ಅಳೆದು ಸಾಲಾಗಿ ಬರೆದು, ಆ ಸಾಲಿನಿಂದ ಹಿಂದಿನದು ತಿಳಿಯೋದು, ಮುಂದಿನದು ಊಹಿಸೋದು. ಪದ ಹಾಡೋನಿಗೆ ಇದೆಲ್ಲ ಯಾಕೆ ಅಂತ ಮೇಷ್ಟ್ರುಗಳು ನಗಬಹುದು. ಆದರೆ ನಮ್ಮ ಬೆಳೆ ವಿಮೆ, ಬೆಂಬಲ ಬೆಲೆ, ಬರದ ಪಟ್ಟಿ ಎಲ್ಲಾ ಈ ಸಾಲುಗಳ ಮೇಲೆ ನಿಂತಿರುವಾಗ ಕೇಳೋ ಹಕ್ಕು ರೈತನಿಗೂ ಐತೆ. ನನ್ನ ತಕರಾರು ಆ "ಒಂದೇ ವಸ್ತು" ಅನ್ನೋ ಮಾತಿನ ಮೇಲೆ. ನಮ್ಮ ಆದವಾನಿ ಸೀಮೆಯಲ್ಲಿ ಅದು ನಿಲ್ಲೋದಿಲ್ಲ.

ಜಿಲ್ಲೆಯನ್ನೇ ತಗೊಳ್ಳಿ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿತು. ಅಲ್ಲಿತನಕ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು ಕರ್ನೂಲಿಗೆ ಬಂದವು, ರಾಯದುರ್ಗ ಅನಂತಪುರಕ್ಕೆ ಹೋಯಿತು, ಉಳಿದ ಬಳ್ಳಾರಿ ಮೈಸೂರು ಕಡೆ ಸೇರಿತು. 1953ರ ಹಿಂದಿನ ಮತ್ತು ಮುಂದಿನ ಅಂಕಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿದರೆ ಕರ್ನೂಲಿನ ಹತ್ತಿ ಏಕಾಏಕಿ ಹೆಚ್ಚಿ, ಬಳ್ಳಾರಿಯದು ಕಡಿಮೆ ಆದಂಗೆ ಕಾಣ್ತದೆ. ಹೊಲ ಅಲ್ಲೇ ಇತ್ತು, ಎತ್ತು ಅವೇ, ಗಡಿ ಮಾತ್ರ ಸರಿದಿತ್ತು. 1970ರಲ್ಲಿ ಮಾರ್ಕಾಪುರ, ಗಿದ್ದಲೂರು ಕಡೆ ಪ್ರಕಾಶಂ ಜಿಲ್ಲೆಗೆ ಹೋಯಿತು. 2022ರ ಏಪ್ರಿಲ್ 4ಕ್ಕೆ ನಂದ್ಯಾಲ ಬೇರೆ ಆಯಿತು, ಕೆ.ಸಿ. ಕಾಲುವೆಯ ಒಳ್ಳೇ ನೀರಿನ ನೆಲದ ಬಹುಪಾಲು ಅದರ ಪಾಲಿಗೆ ಹೋಯಿತು. ಇನ್ನು ಮುಂದೆ ಕರ್ನೂಲಿನ ಎಕರೆ ಇಳುವರಿ ಇಳಿದಂಗೆ ಕಂಡರೆ ಮಕ್ಕಳಿಗೆ ಏನು ಪಾಠ ಹೇಳ್ತೀರಿ? ಓಟಿನ ಲೆಕ್ಕವೂ ಹಂಗೇ. ಮಂತ್ರಾಲಯ ಕ್ಷೇತ್ರ 2008ರ ವಿಂಗಡಣೆಯಲ್ಲಿ ಹೊಸದಾಗಿ ಬಂದದ್ದು, ಅದಕ್ಕೆ 2004ರ ಓಟು ಎಲ್ಲಿಂದ ತರ್ತಾರೆ?

ಹತ್ತಿ ಅನ್ನೋ ಹೆಸರೂ ಒಂದೇ ಅಲ್ಲ. ಮೊದಲು ಜವಾರಿ ಹತ್ತಿ. 2002ರಲ್ಲಿ ಬಿಟಿ ಬೀಜಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟ ಮೇಲೆ ಬೀಜ, ಎಳೆ, ಖರ್ಚು ಎಲ್ಲಾ ಬೇರೆ. ಪೇಪರಿನಲ್ಲಿ ಬರೋ ಹತ್ತಿ ಬೆಲೆ ಎಷ್ಟೋ ಸಲ 356 ಕಿಲೋ ಕ್ಯಾಂಡಿ ಅರಳೆಯದು. ನಾವು ಮಾರೋದು ಬೀಜ ಸಮೇತ, ಕ್ವಿಂಟಲ್ ಲೆಕ್ಕ.

ಇನ್ನು ಜನಗಣತಿ. ಹತ್ತು ವರ್ಷಕ್ಕೊಮ್ಮೆ ಎಣಿಸ್ತಾರೆ. 1871ರ ಎಣಿಕೆಗೂ 1881ರ ಎಣಿಕೆಗೂ ನಡುವೆ ನಮ್ಮ ಹಳೇ ಬಳ್ಳಾರಿ ಜಿಲ್ಲೆಯ ಜನ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ ಆದರು. ಪಟದಲ್ಲಿ ಅದು ಎರಡು ಚುಕ್ಕೆ, ನಡುವೆ ನುಣ್ಣಗೆ ಇಳಿದ ಒಂದು ಗೆರೆ. ವರ್ಷಕ್ಕೆ ಇಷ್ಟಿಷ್ಟು ಅಂತ ಮೆಲ್ಲಗೆ ಸತ್ತಂಗೆ ಕಾಣ್ತದೆ. ಆದದ್ದು ಹಂಗಲ್ಲ, 1876ರಿಂದ 78ರ ಬರದಲ್ಲಿ ಒಮ್ಮೆಲೇ ಹೋದರು. ಹಳ್ಳಿಯವರು ಅದನ್ನು ಧಾತು ವರ್ಷದ ಬರ ಅಂತ ಸಂವತ್ಸರದ ಹೆಸರು ಹಿಡಿದು ನೆನಪಿಟ್ಟರು. ಇಲ್ಲಿ ಹಾಡೋರೇ ಸರಿಯಾದ ಜಾಗ ತೋರಿಸಿದ್ದು, ಗೆರೆ ಅಲ್ಲ.

ಹಾಡಿನವರನ್ನೂ ಸುಮ್ಮನೆ ಬಿಡಬಾರದು. ಸಂವತ್ಸರ ಅರವತ್ತು ವರ್ಷಕ್ಕೆ ತಿರುಗಿ ಬರ್ತದೆ, ಹಂಗಾಗಿ ಬರವೂ ತಿರುಗಿ ಬರ್ತದೆ ಅನ್ನೋ ಮಾತು ಕಟ್ಟೆ ಮೇಲೆ ಕೇಳ್ತೀವಿ. ಧಾತು 1936-37ರಲ್ಲಿ ಬಂತು, 1996-97ರಲ್ಲೂ ಬಂತು. 1876ರಂಥಾ ಬರ ಬರಲಿಲ್ಲ. ಹೆಸರು ತಿರುಗಿತು, ಮಳೆ ಆ ತಾಳಕ್ಕೆ ಕುಣಿಯಲಿಲ್ಲ. ಪಲ್ಲವಿ ತಿರುತಿರುಗಿ ಬರೋ ಹಾಡಿಗೆ ಕಿವಿ ಒಗ್ಗಿದವರಿಗೆ ಎಲ್ಲಾ ಕಡೆ ಪಲ್ಲವಿ ಕೇಳಿಸ್ತದೆ. ಕಂಪ್ಯೂಟರ್ ಮುಂದೆ ಕೂತು ಸುತ್ತು ಹುಡುಕೋರಿಗೂ ಇದೇ ಕಾಯಿಲೆ ಅಂತ ನನ್ನ ಅನುಮಾನ.

ಜನ ಎಣಿಸೋ ತಿಂಗಳನ್ನೂ ನೋಡಿ. 2011ರ ಗಣತಿ ನಡೆದದ್ದು ಫೆಬ್ರವರಿ 9ರಿಂದ 28ರ ತನಕ. ಆ ಹೊತ್ತಿಗೆ ಕೋಸಿಗಿ, ಮಂತ್ರಾಲಯ, ಪೆದ್ದಕಡಬೂರು ಕಡೆ ಎಷ್ಟು ಮನೆಗೆ ಬೀಗ ಬಿದ್ದಿರ್ತದೆ ಅಂತ ನಮ್ಮ ಶಾಲೆಯ ಹಾಜರಿ ಪುಸ್ತಕಕ್ಕೆ ಗೊತ್ತು. ಜನ ಮೆಣಸಿನಕಾಯಿ ಬಿಡಿಸೋಕೆ ಗುಂಟೂರಿಗೆ ಗುಳೆ ಹೋಗಿರ್ತಾರೆ, ಮಕ್ಕಳೂ ಜೊತೆಗೆ. ಮಿರಗಾ ಮಳೆ ಹೊತ್ತಿಗೆ ತಿರುಗಿ ಬರ್ತಾರೆ. ಹತ್ತು ವರ್ಷಕ್ಕೊಂದು ಫೆಬ್ರವರಿ ಜೋಡಿಸಿದ ಸಾಲಿನಲ್ಲಿ ಈ ಹೋಗಿ ಬರೋದು ಎಲ್ಲಿ ಕಾಣಬೇಕು?

ಬೆಲೆಗೆ ಬರ್ತೀನಿ. ಉದ್ದ ಎಳೆ ಹತ್ತಿಯ ಬೆಂಬಲ ಬೆಲೆ ಕ್ವಿಂಟಲಿಗೆ 2021-22ರಲ್ಲಿ 6,025 ರೂಪಾಯಿ, 2023-24ರಲ್ಲಿ 7,020, 2024-25ರಲ್ಲಿ 7,521. ಮೆಟ್ಟಿಲು ಹತ್ತಿದಂಗೆ ಏರೋ ಸಾಲು. ಯಾರ್ಡಿನ ಸಾಲು ಬೇರೆ: 2022ರಲ್ಲಿ ಹತ್ತು ಸಾವಿರ ದಾಟಿತು, ಆಮೇಲೆ ಇಳಿಯಿತು. ಆ ವರ್ಷದ ಸರಾಸರಿ ನೋಡಿದವರು ರೈತ ಗೆದ್ದ ಅಂತಾರೆ. ಸಾಲ ಇದ್ದವನು ಹತ್ತಿಯನ್ನು ಬೇಸಿಗೆ ತನಕ ಇಟ್ಟುಕೊಳ್ಳೋಕೆ ಆಗ್ತದೇನು? ದೀಪಾವಳಿ ಕಳೆದದ್ದೇ ಬಂಡಿ ಕಟ್ಟಿ ಮಾರಿದ. ಬೆಲೆ ಏರಿದಾಗ ಸರಕು ಯಾರ ಗೋದಾಮಿನಲ್ಲಿತ್ತು ಅನ್ನೋದಕ್ಕೆ ಆ ಪಟದಲ್ಲಿ ಜಾಗ ಇಲ್ಲ.

ಎಲ್ಲಕ್ಕಿಂತ ಹೆಚ್ಚು ನೋಯಿಸೋದು ವಿಮೆಯ ಲೆಕ್ಕ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಇಳುವರಿ ನೋಡಿ ಪರಿಹಾರ ಕೊಡೋ ಬೆಳೆಗಳಿಗೆ, ಹಿಂದಿನ ಏಳು ವರ್ಷದಲ್ಲಿ ಚೆನ್ನಾಗಿ ಬಂದ ಐದು ವರ್ಷದ ಸರಾಸರಿ ತೆಗೀತಾರೆ. ಅದರಲ್ಲಿ ನೂರಕ್ಕೆ 70, 80, ಇಲ್ಲವೇ 90 ಪಾಲು ಹಿಡಿದು ಮಟ್ಟ ಕಟ್ಟುತಾರೆ. ಊರಿನ ಇಳುವರಿ ಆ ಮಟ್ಟಕ್ಕಿಂತ ಕೆಳಗೆ ಬಂದರೆ ದುಡ್ಡು, ಇಲ್ಲವಾದರೆ ಇಲ್ಲ. ಕೆಟ್ಟ ಎರಡು ವರ್ಷ ಬಿಡೋದು ಒಳ್ಳೇ ಮನಸ್ಸಿನ ನಿಯಮವೇ. ಏಳರಲ್ಲಿ ಎರಡೇ ಕೆಡೋ ಸೀಮೆಗೆ ಅದು ಸರಿ. ನಮ್ಮಲ್ಲಿ ಲೆಕ್ಕ ಹೆಂಗಾಗ್ತದೆ ಅಂತ ಕರಿಹಲಗೆ ಮೇಲೆ ಬರೆದು ನೋಡಿ. ಎಕರೆಗೆ ಕ್ವಿಂಟಲ್ ಲೆಕ್ಕದಲ್ಲಿ ಏಳು ವರ್ಷ 6, 5, 2, 6, 2, 3, 2 ಬಂತು ಅಂದುಕೊಳ್ಳಿ. ಎರಡು 2 ಬಿಟ್ಟರೂ ಇನ್ನೊಂದು 2, ಒಂದು 3 ಉಳೀತವೆ. ಐದರ ಮೊತ್ತ 22, ಸರಾಸರಿ 4.4. ನೂರಕ್ಕೆ 80 ಅಂದರೆ 3.52. ಈ ವರ್ಷ ಮೂರು ಕ್ವಿಂಟಲ್ ಅರವತ್ತು ಕಿಲೋ ಬಂದರೆ ಒಂದು ಪೈಸೆ ಬರೋದಿಲ್ಲ. ಆರು ಬೆಳೆಯೋ ಹೊಲದಲ್ಲಿ ನೂರಕ್ಕೆ 40 ಪಾಲು ಹೋದರೂ ಕಾಗದದ ಮೇಲೆ ನಷ್ಟ ಆಗಿಲ್ಲ! ಬರ ಬಿದ್ದಷ್ಟೂ ಸರಾಸರಿ ಇಳೀತದೆ, ಸರಾಸರಿ ಇಳಿದಷ್ಟೂ ಪರಿಹಾರ ದೂರ ಹೋಗ್ತದೆ. ಕೂಡೋದು ಭಾಗಿಸೋದು ತಪ್ಪಿಲ್ಲ. ಹೊಲದ ಶಕ್ತಿ ಅಳೆಯಬೇಕಾದ ಜಾಗದಲ್ಲಿ ನಮ್ಮ ಬಡತನವನ್ನು ಅಳೆದು ಅದನ್ನೇ ಮಾಮೂಲು ಅಂತ ಕರೆದದ್ದು ತಪ್ಪು.

ಮುಂದಿನದನ್ನು ಊಹಿಸೋದರಲ್ಲಿ ನಾವು ರೈತರೂ ಕಡಿಮೆ ಇಲ್ಲ. ಹೋದ ವರ್ಷದ ಬೆಲೆಯೇ ಈ ವರ್ಷವೂ ಅಂತ ನಂಬಿ ಬಿತ್ತೋದೂ ಒಂದು ಕಾಲಸರಣಿಯೇ, ಒಂದೇ ಅಂಕಿಯದು. ಮೆಣಸಿನಕಾಯಿಗೆ ಒಳ್ಳೇ ಬೆಲೆ ಬಂತು ಅಂತ ಎರಡೂ ರಾಜ್ಯದವರು ಹಾಕಿದರು. ಬ್ಯಾಡಗಿ ಮಾರ್ಕೆಟ್ಟಿಗೆ ಚೀಲದ ಮೇಲೆ ಚೀಲ ಬಂತು. 2024ರ ಮಾರ್ಚ್ 11ಕ್ಕೆ ಬೆಲೆ ಕುಸಿದು ಅಲ್ಲಿ ಗಾಡಿಗಳಿಗೆ ಬೆಂಕಿ ಬಿತ್ತು. ಪತ್ತಿಕೊಂಡದ ಟೊಮೆಟೊ ಕಥೆ ಬೇರೆ ಹೇಳಬೇಕಿಲ್ಲ. ಎಲ್ಲರೂ ಒಂದೇ ಗೆರೆ ನೋಡಿ ಬಿತ್ತಿದರೆ ಆ ಗೆರೆ ಮುರೀತದೆ. ಮಳೆಗೆ ನಮ್ಮ ಊಹೆ ಗೊತ್ತಿಲ್ಲ, ಅದು ತನ್ನ ಪಾಡಿಗೆ ಬೀಳ್ತದೆ. ಬೆಲೆಗೆ ನಮ್ಮ ಊಹೆಯೇ ಬೀಜ.

ಹಾಗಂತ ಲೆಕ್ಕ ಬೇಡ ಅನ್ನೋನಲ್ಲ ನಾನು. ಲೆಕ್ಕಶಾಸ್ತ್ರದಲ್ಲಿ ಜಗತ್ತೇ ಒಪ್ಪಿದ ಸಿ.ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ. ಆಗ ಆದವಾನಿಯೂ ಹಡಗಲಿಯೂ ಒಂದೇ ಬಳ್ಳಾರಿ ಜಿಲ್ಲೆ. ಲೆಕ್ಕ ನಮ್ಮ ಮಣ್ಣಿಗೆ ಹೊರಗಿನದು ಅಂತ ಯಾರೂ ಅನ್ನಬೇಕಾಗಿಲ್ಲ. ಜಿಲ್ಲೆಯ ಅಂಕಿ ಬಿಟ್ಟು ಹಳ್ಳಿ ಹಳ್ಳಿಯ ಅಂಕಿಯಿಂದ ಸಾಲು ಕಟ್ಟಿದರೆ ಗಡಿಯ ಕಾಟ ಇರೋದಿಲ್ಲ, ಹಳ್ಳಿಯನ್ನು ಯಾರೂ ಎತ್ತಿ ಬೇರೆ ಕಡೆ ಇಟ್ಟಿಲ್ಲ. ನಮ್ಮ ವಾಚನಾಲಯದಲ್ಲಿ ಉದ್ದ ಗೆರೆಯ ರಿಜಿಸ್ಟರ್ ಒಂದು ಖಾಲಿ ಬಿದ್ದೈತೆ. ಮೇಷ್ಟ್ರುಗಳು ಒಪ್ಪಿದರೆ ಈ ಮುಂಗಾರಿನಿಂದ ಏಳನೇ ಕ್ಲಾಸಿನ ಮಕ್ಕಳ ಕೈಲಿ ಬರೆಸಬಹುದು: ತಾರೀಕು, ಮಳೆ, ಯಾವ ಬೀಜ, ಯಾವ ದಿನ ಮಾರಿದ್ದು, ಕೈಗೆ ಬಂದ ಬೆಲೆ, ಕಮಿಷನ್ ಎಷ್ಟು ಹೋಯಿತು, ಮನೆಯಿಂದ ಎಷ್ಟು ಜನ ಗುಳೆ ಹೋದರು, ಯಾವಾಗ ಬಂದರು. ಕೊನೆಗೆ ಒಂದು ಅಗಲದ ಕಾಲಂ ಬಿಡಿ, ಆ ವರ್ಷ ಏನಾಯಿತು ಅಂತ ಎರಡು ಸಾಲು ಬರೆಯೋಕೆ.