ಬೆಳಗಿನ ತಿಂಡಿಯ ನಂತರ ಫೇರೋಗಳು

ಕಾದಂಬರಿ ಓದೋಕೆ ಟೈಮಿಲ್ಲ, ಕವಿತೆ ಅರ್ಥ ಆಗಲ್ಲ ಅನ್ನೋ ನಮ್ಮ ಪೀಳಿಗೆ ಒಂದು ಬಗೆಯ ಬರವಣಿಗೆಯನ್ನು ಮಾತ್ರ ಸಾಲು ಬಿಡದೆ ಓದುತ್ತೆ. ವಾಟ್ಸಾಪಿಗೆ ಬರೋ ಟೂರ್ ಐಟಿನರಿಯ ಪಿಡಿಎಫ್. ಮೀಟಿಂಗ್ ಮಧ್ಯೆ ಕದ್ದು ಓದ್ತೀವಿ, ಮೆಟ್ರೋದಲ್ಲಿ ನಿಂತು ಓದ್ತೀವಿ, ಗಂಡ ಹೆಂಡತಿ ಒಬ್ಬರಿಗೊಬ್ಬರು ಫಾರ್ವರ್ಡ್ ಮಾಡ್ಕೊಂಡು ಜಗಳ ಆಡ್ತೀವಿ. ಇಷ್ಟು ಶ್ರದ್ಧೆಯಿಂದ ಓದಿಸಿಕೊಳ್ಳುವ ಬರಹಕ್ಕೆ ಒಬ್ಬ ವಿಮರ್ಶಕನೂ ಇಲ್ಲ ಅನ್ನೋದು ಅನ್ಯಾಯ. ಹಾಗಾಗಿ ಈ ಸಲ ಒಂದು ಪಿಡಿಎಫ್‌ನ ವಿಮರ್ಶೆ.

ಕೃತಿಯ ಹೆಸರು 'ಈಜಿಪ್ಟ್: 5 ರಾತ್ರಿ 6 ಹಗಲು'. ಲೇಖಕರ ಹೆಸರಿಲ್ಲ, ಪುರಾಣಗಳಿಗೂ ಇರಲಿಲ್ಲ ಬಿಡಿ. ಮೊದಲ ದಿನ ಕೈರೋ, ರಾತ್ರಿ ನೈಲ್ ಮೇಲೆ ದೋಣಿಯಲ್ಲಿ ಊಟ. ಎರಡನೇ ದಿನ ಗೀಜಾದ ಪಿರಮಿಡ್ಡು, ಸ್ಫಿಂಕ್ಸ್, ಪಪೈರಸ್ ಅಂಗಡಿ, ಅತ್ತರಿನ ಅಂಗಡಿ, ಮ್ಯೂಸಿಯಂ. ಮೂರನೇ ದಿನ ವಿಮಾನದಲ್ಲಿ ಅಸ್ವಾನ್, ಅಲ್ಲಿನ ಹೈ ಡ್ಯಾಮ್, ಫೀಲೇ ದೇವಾಲಯ. ನಾಲ್ಕನೇ ದಿನ ಕೋಳಿ ಕೂಗೋ ಮುಂಚೆ ಎದ್ದು ಅಬು ಸಿಂಬೆಲ್, ವಾಪಸ್ ಬಂದು ಸಂಜೆ ಲಕ್ಸರ್ ದಾರಿ. ಐದನೇ ದಿನ ರಾಜರ ಕಣಿವೆ, ಹತ್ಶೆಪ್ಸುಟ್ ರಾಣಿಯ ಗುಡಿ, ಕಾರ್ನಾಕ್. ಆರನೇ ದಿನ ಮನೆ.

ಶೈಲಿಯ ದೊಡ್ಡ ಲಕ್ಷಣ ಅಂದ್ರೆ ಪ್ರತಿ ದಿನವೂ 'ಬೆಳಗಿನ ತಿಂಡಿಯ ನಂತರ' ಎಂದೇ ಶುರುವಾಗೋದು. ಸಾವಿರಾರು ವರ್ಷದ ರಾಜವಂಶಗಳೆಲ್ಲ ತಿಂಡಿ ಮುಗಿಯೋವರೆಗೆ ಹೊರಗೆ ಕಾದು ನಿಂತಿರ್ತಾರೆ. ಅಬು ಸಿಂಬೆಲ್ ದಿನ ಮಾತ್ರ ತಿಂಡಿ ಡಬ್ಬಿಯಲ್ಲಿ, ಕತ್ತಲಲ್ಲಿ. ಇನ್ನು ಭಾಷೆ. 'ಅದ್ಭುತ', 'ಭವ್ಯ', 'ಮರೆಯಲಾಗದ' ಈ ಮೂರು ವಿಶೇಷಣಗಳನ್ನ ಸರದಿ ಪ್ರಕಾರ ಹಚ್ಚಿದ್ದಾರೆ. ಪಿರಮಿಡ್ಡಿಗೂ ಅದೇ, ಬಫೆಗೂ ಅದೇ. ಖುಫು ಪಿರಮಿಡ್ಡು ಕಟ್ಟಿದಾಗ 146 ಮೀಟರ್ ಇತ್ತು, ತುದಿ ಸವೆದು ಈಗ ಹೆಚ್ಚೂಕಡಿಮೆ 138 ಮೀಟರ್ ಇದೆ. ಅಷ್ಟು ಬರೆದಿದ್ರೆ ವಿಶೇಷಣವೇ ಬೇಕಿರಲಿಲ್ಲ.

ಇದನ್ನೆಲ್ಲ ತಮಾಷೆ ಅಂದ್ಕೊಂಡು ಬಿಡಬಹುದಿತ್ತು. ಆದರೆ ಈ ಪಿಡಿಎಫ್ ನನ್ನ ಕೈಗೆ ಬಂದ ದಾರಿ ಬೇರೆ. ನೊಣವಿನಕೆರೆಯಲ್ಲಿರೋ ನನ್ನ ಚಿಕ್ಕಪ್ಪ ಚಿಕ್ಕಮ್ಮನಿಗೆ ಅವರ ಮಗ ಕಳಿಸಿದ್ದು, ಅವರು ನನಗೆ ಕಳಿಸಿ 'ನೀನೊಂದು ಕಿತ ನೋಡಪ್ಪ' ಅಂದಿದ್ದು. ಮಗ ವೈಟ್‌ಫೀಲ್ಡಲ್ಲಿ ಕೆಲಸ ಮಾಡ್ತಾನೆ. ಮೂರೂ ಜನ ಹೋಗೋದು, ಅಪ್ಪ ಅಮ್ಮನಿಗೆ ಮೊದಲ ವಿದೇಶ. ದುಡ್ಡು ಕೊಬ್ಬರೀದು. ತಿಪಟೂರು ಸೀಮೆ ಗೊತ್ತಿರೋರಿಗೆ ಇದರ ತೂಕ ಹೇಳಬೇಕಿಲ್ಲ. 2023ರಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 8 ಸಾವಿರದ ಆಸುಪಾಸಿಗೆ ಬಿದ್ದು ರೈತರು ಬೀದಿಗೆ ಬಂದಿದ್ರು, 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟ್ತು. ಪಿಡಿಎಫ್‌ನ ಕೊನೇ ಪುಟದಲ್ಲಿ ತಲೆಗೆ ಒಂದೂವರೆ ಲಕ್ಷ ಅಂತಿದೆ. 2025ರ ಆ ರೇಟಲ್ಲಿ ಅದು ಆರು ಕ್ವಿಂಟಲ್ ಕೊಬ್ಬರಿ, 2023ರ ರೇಟಲ್ಲಿ ಹತ್ತಿರ ಹತ್ತೊಂಬತ್ತು. ಕಾಯಿ ಅಟ್ಟಕ್ಕೆ ಹಾಕಿದ ಮೇಲೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಲಗಲ ಅನ್ನೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಹಾಗೆ ಕಾದು ಬಂದ ದುಡ್ಡು ಅದು. ಅದನ್ನ ಆರು ದಿನಕ್ಕೆ ಹಂಚುವಾಗ ಯಾವುದಕ್ಕೆ ಎಷ್ಟು ಹೊತ್ತು ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ಚಿಕ್ಕಪ್ಪ ಪಿಡಿಎಫ್ ಓದಿ ಕೇಳಿದ್ದು ಒಂದೇ. 'ಅಲ್ಲಿ ಮಳೆ ಬರಾಕಿಲ್ವಂತೆ, ಮತ್ತೆ ಬೆಳೆ ಎಂಗ್ ಮಾಡ್ತಾರ್ಲಾ?' ಮಗ 'ಅಪ್ಪಾ ಅದೆಲ್ಲ ಯೂಟ್ಯೂಬಲ್ಲಿ ಸಿಗುತ್ತೆ, ಅಲ್ಲಿ ಮಾನ್ಯುಮೆಂಟ್ಸ್ ನೋಡೋಣ' ಅಂದ. ನನ್ನ ಪ್ರಕಾರ ಇಡೀ ಈಜಿಪ್ಟಿನ ಬಗ್ಗೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಚಿಕ್ಕಪ್ಪಂದು. ಪಿಡಿಎಫ್‌ನ ದೊಡ್ಡ ದೋಷ ಇರೋದೂ ಇಲ್ಲೇ. ಅದನ್ನ ಯಾವ ಕಸುಬೂ ಇಲ್ಲದ, ಯಾವ ಊರೂ ಇಲ್ಲದ, ಬರೀ ಎರಡು ಕಣ್ಣು ಒಂದು ಮೊಬೈಲ್ ಇರೋ ಮನುಷ್ಯನಿಗೆ ಅಂತ ಬರೆದಿದ್ದಾರೆ.

ಹೈ ಡ್ಯಾಮನ್ನೇ ತಗೊಳ್ಳಿ. 'ಫೋಟೋ ಸ್ಟಾಪ್, 20 ನಿಮಿಷ' ಅಂತಿದೆ. ಹೇಮಾವತಿ ನಾಲೆಗೆ ನೀರು ಯಾವಾಗ ಬಿಡ್ತಾರೆ ಅಂತ ಕಾಯೋ ಸೀಮೆಯವನಿಗೆ ಇಪ್ಪತ್ತು ನಿಮಿಷ! ಹೇಮಾವತಿ ಜಲಾಶಯ 37 ಟಿಎಂಸಿ, ಕೆಆರ್‌ಎಸ್ 49 ಟಿಎಂಸಿ. ಅಸ್ವಾನ್ ಅಣೆಕಟ್ಟಿನ ಹಿಂದಿರೋ ನಾಸರ್ ಸರೋವರದಲ್ಲಿ ನಿಲ್ಲೋ ನೀರು 4,600 ಟಿಎಂಸಿಗೂ ಹೆಚ್ಚು. ಕಟ್ಟಿ ಮುಗಿದಿದ್ದು 1970ರಲ್ಲಿ. ಅದಕ್ಕೆ ಮುಂಚೆ ನೈಲ್ ಪ್ರತಿ ವರ್ಷ ಉಕ್ಕಿ ಬಂದು ಹೊಲದ ಮೇಲೆ ಮೆಕ್ಕಲು ಮಣ್ಣು ಹಾಸಿ ಹೋಗ್ತಿತ್ತು. ಈಗ ಆ ಮಣ್ಣು ಅಣೆಕಟ್ಟಿನ ಹಿಂದೆ ಹೂಳಾಗಿ ಕೂತಿದೆ, ರೈತ ಗೊಬ್ಬರದ ಚೀಲ ತರ್ತಾನೆ. ಬೇಸಿಗೆಯಲ್ಲಿ ಕೆರೆಗೋಡು ಹೊಡೆಸಿ ತೆಂಗಿನ ಬುಡಕ್ಕೆ ಹಾಕಿದವನಿಗೆ ಈ ಕಥೆ ಎರಡು ವಾಕ್ಯದಲ್ಲಿ ಅರ್ಥ ಆಗುತ್ತೆ. ಅದೇ ನೀರಿನಿಂದ ಈಜಿಪ್ಟಿನಲ್ಲೇ ಸುಮಾರು 50 ಸಾವಿರ ನೂಬಿಯನ್ ಜನ ಊರು ಬಿಡಬೇಕಾಯ್ತು. ಫೀಲೇ, ಅಬು ಸಿಂಬೆಲ್ ಎರಡನ್ನೂ ಕೊಯ್ದು, ಕಲ್ಲು ಕಲ್ಲಿಗೂ ನಂಬರ್ ಹಾಕಿ ಬೇರೆ ಕಡೆ ಜೋಡಿಸಿದ್ದೂ ಇದೇ ಕಾರಣಕ್ಕೆ. ಅಂದ್ರೆ ಪಿಡಿಎಫ್‌ನ ಮೂರು ಮತ್ತು ನಾಲ್ಕನೇ ದಿನ ಪೂರ್ತಿ ಒಂದೇ ಅಣೆಕಟ್ಟಿನ ಕಥೆ. ಓದಿದರೆ ಮೂರು ಬೇರೆ ಬೇರೆ 'ಪಾಯಿಂಟ್' ಅನ್ನಿಸುತ್ತೆ.

ಪಪೈರಸ್ ಅಂಗಡಿ ಮುಕ್ಕಾಲು ಗಂಟೆ. ಕೊಳ್ಳೋರು ಕೊಳ್ಳಲಿ. ಆದರೆ ಕನ್ನಡದವರಿಗೆ ಪಪೈರಸ್ ಜೊತೆ ಸ್ವಲ್ಪ ಹಳೇ ನೆಂಟಸ್ತನ ಇದೆ. ಆಕ್ಸಿರಿಂಕಸ್ ಅನ್ನೋ ಹಳೇ ಪಟ್ಟಣದ ತಿಪ್ಪೆಯಲ್ಲಿ ಸಿಕ್ಕಿದ ಒಂದು ಪಪೈರಸ್‌ನಲ್ಲಿ ಗ್ರೀಕ್ ಪ್ರಹಸನ ಇದೆ. ಭಾರತದ ಕರಾವಳಿಯಲ್ಲಿ ಸೆರೆಯಾದ ಗ್ರೀಕ್ ಹೆಂಗಸನ್ನ ಅವಳ ಅಣ್ಣ ಬಂದು, ರಾಜನಿಗೆ ಕುಡಿಸಿ ಬಿಡಿಸ್ಕೊಂಡು ಹೋಗೋ ಕಥೆ. ಅದರಲ್ಲಿ ರಾಜನ ಕಡೆಯವರು ಆಡೋ ಮಾತು ಕನ್ನಡ ಅಂತ 1904ರಲ್ಲಿ ಹುಲ್ಶ್ ಎಂಬ ಜರ್ಮನ್ ವಿದ್ವಾಂಸ ಬರೆದ. ಆಮೇಲೆ ಮೈಸೂರಿನ ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಇದರ ಹಿಂದೆ ಬಿದ್ರು. ಅಲ್ಲ, ತುಳು ಅಂದವರಿದ್ದಾರೆ. ಯಾವ ಭಾಷೇನೂ ಅಲ್ಲ, ನಗಿಸೋಕೆ ಹಾಕಿದ ಗಡಬಿಡಿ ಮಾತು ಅಂದವರೂ ಇದ್ದಾರೆ. ಎದೆ ತಟ್ಟಿಕೊಳ್ಳೋಷ್ಟು ಗಟ್ಟಿ ಸಾಕ್ಷಿ ಅಲ್ಲ. ಆದರೂ ಅಂಗಡಿಯಲ್ಲಿ ಕೂತಿರೋ ಮುಕ್ಕಾಲು ಗಂಟೆಗೆ ಇದಕ್ಕಿಂತ ಒಳ್ಳೇ ಮಾತುಕತೆ ಬೇಕೇ?

ತೆಂಗಿನ ವಿಷಯದಲ್ಲಿ ಸಾಕ್ಷಿ ಗಟ್ಟಿ ಇದೆ. ಕೆಂಪು ಸಮುದ್ರದ ದಡದಲ್ಲಿ ರೋಮನ್ ಕಾಲದ ಬಂದರು ಬೆರೆನಿಕೆ ಅಗೆದಾಗ ಒಂದು ಗುಡಿಯ ಅಂಗಳದಲ್ಲಿ ಭಾರತದ ಜಾಡಿ ತುಂಬ ಏಳೂವರೆ ಕೆಜಿ ಕರಿಮೆಣಸು ಸಿಕ್ತು. ಅಲ್ಲಿ, ಮತ್ತು ಉತ್ತರಕ್ಕಿರೋ ಕುಸೈರ್‌ನ ಹಳೇ ಬಂದರಲ್ಲಿ, ತೆಂಗಿನ ಚಿಪ್ಪೂ ಸಿಕ್ಕಿವೆ. ಅರಬ್ಬೀಯಲ್ಲಿ ಇವತ್ತಿಗೂ ತೆಂಗಿನಕಾಯಿಗೆ 'ಹಿಂದ್ ದೇಶದ ಕಾಯಿ' ಅಂತಲೇ ಹೆಸರು. ಚಿಕ್ಕಮ್ಮನಿಗೆ ಇದನ್ನ ಹೇಳಿದಾಗ 'ಅಂಗಾದ್ರೆ ನಮ್ ಕಾಯಿ ನಮಗಿಂತ ಮುಂಚೆ ಓಗೈತೆ ಅನ್ನು' ಅಂದ್ರು. ಪಿಡಿಎಫ್‌ನಲ್ಲಿ ಇಂಥ ಒಂದು ಸಾಲಿಲ್ಲ.

ಪ್ರವಾಸದ ಬರಹ ಹೀಗೇ ಇರಬೇಕು ಅಂತೇನಿಲ್ಲ ಅನ್ನೋಕೆ ಅದೇ ಉತ್ತರ ಆಫ್ರಿಕಾದವನೊಬ್ಬನ ಉದಾಹರಣೆ ಇದೆ. ಮೊರಾಕ್ಕೋದ ಟ್ಯಾಂಜಿಯರ್‌ನ ಇಬ್ನ್ ಬತೂತ 1325ರಲ್ಲಿ ಮನೆ ಬಿಟ್ಟವನು, 1340ರ ದಶಕದಲ್ಲಿ ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರಿಗೆ ಬಂದ. ತೆಂಗಿನಕಾಯಿ ನೋಡಿರದ ತನ್ನ ಊರಿನವರಿಗೆ ಹೇಳ್ತಾನೆ: ಮನುಷ್ಯನ ತಲೆ ಥರ ಇರುತ್ತೆ, ಕಣ್ಣು ಬಾಯಿ ಇರುತ್ತೆ, ಎಳೆಯದಾಗಿದ್ದಾಗ ಒಳಗೆ ಮಿದುಳಿನ ಹಾಗೆ, ಮೇಲಿನ ನಾರು ಕೂದಲ ಹಾಗೆ, ಆ ನಾರಿನ ಹಗ್ಗದಲ್ಲೇ ಹಡಗು ಹೊಲೀತಾರೆ. ಯಾರಿಗೆ ಹೇಳ್ತಿದೀನಿ ಅನ್ನೋದು ಅವನಿಗೆ ಗೊತ್ತು. ಹೊನ್ನಾವರದಲ್ಲಿ ಹುಡುಗಿಯರ ಶಾಲೆ ಹದಿಮೂರು, ಹುಡುಗರದು ಇಪ್ಪತ್ತಮೂರು ಅಂತ ಬರೆದಿಟ್ಟ. ಅವನು ಧರ್ಮಶಾಸ್ತ್ರ ಓದಿದ ಖಾಜಿ, ಶಾಲೆ ಕಣ್ಣಿಗೆ ಬಿತ್ತು. ರೈತನ ಕಣ್ಣಿಗೆ ನೀರು ಬೀಳುತ್ತೆ. ಕಸುಬೇ ಕಣ್ಣು.

ಇಲ್ಲಿ ಊರ ಹಿರಿಯರೊಬ್ಬರ ಆಕ್ಷೇಪಣೆಯನ್ನೂ ಹೇಳಬೇಕು. 'ಇಲ್ಲೇ ವಿಘ್ನಸಂತೆ ಗುಡಿ ಐತೆ, ಅರಳಗುಪ್ಪೆ ಐತೆ, ಅದ್ನೇ ನೋಡಿಲ್ಲ, ಈಜಿಪ್ಟು ಯಾಕ್ಲಾ?' ಕೇಳೋಕೆ ಚೆನ್ನಾಗಿದೆ. ಆದರೆ ಹೀಗನ್ನೋರು ವಿಘ್ನಸಂತೆಗೆ ಎಷ್ಟು ಸಲ ಹೋಗಿದ್ದಾರೆ ಕೇಳಿ ನೋಡಿ. 1286ರಲ್ಲಿ ಹೊಯ್ಸಳರ ದಂಡನಾಯಕರು ಕಟ್ಟಿಸಿದ ಲಕ್ಷ್ಮೀನರಸಿಂಹನ ಗುಡಿ ನೋಡಿದವನಿಗೆ ಕಾರ್ನಾಕ್‌ನ ಕಂಬದ ಸಾಲು ಇನ್ನೂ ಚೆನ್ನಾಗಿ ಕಾಣುತ್ತೆ, ಅಲ್ಲಿಂದ ಬಂದವನಿಗೆ ಅರಳಗುಪ್ಪೆಯ ಕಲ್ಲೇಶ್ವರನ ಗುಡಿಯ ನಟರಾಜನ ಮಾಡು ಇನ್ನೂ ಚೆನ್ನಾಗಿ ಕಾಣುತ್ತೆ. ಒಂದಕ್ಕೆ ಇನ್ನೊಂದನ್ನ ಅಡ್ಡ ಹಿಡಿಯೋದು ಸೋಮಾರಿಗಳ ವಾದ.

ಹಾಗಾದ್ರೆ ಏನು ಮಾಡ್ಬೇಕಿತ್ತು? ನಾನು ತಮ್ಮನಿಗೆ ಹೇಳಿದ್ದು: ಅಬು ಸಿಂಬೆಲ್ ಬಿಡು. ಅಸ್ವಾನಿಂದ ಹೋಗೋಕೆ 280 ಕಿ.ಮೀ., ಬರೋಕೆ 280, ಮಧ್ಯೆ ಎರಡು ಗಂಟೆ ನೋಡೋದು. ಅರವತ್ತು ದಾಟಿದ ಮಂಡಿಗಳಿಗೆ ಅದು ಶಿಕ್ಷೆ. ಅಲ್ಲಿ ಉಳಿದ ದಿನವನ್ನ ಲಕ್ಸರ್‌ಗೆ ಕೊಡು. ಬೆಳಿಗ್ಗೆ ರಾಜರ ಕಣಿವೆ, ಒಂದು ಟಿಕೆಟ್ಟಿಗೆ ಮೂರು ಗೋರಿ, ಸಾಕು. ಟುಟಾಂಖಾಮನ್‌ನ ಗೋರಿಗೆ ಬೇರೆ ಟಿಕೆಟ್, ಅದರೊಳಗಿನ ಹೆಚ್ಚಿನ ವಸ್ತುಗಳು ಈಗ ಗೀಜಾ ಪಕ್ಕದಲ್ಲಿ 2025ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಹೊಸ ಗ್ರ್ಯಾಂಡ್ ಮ್ಯೂಸಿಯಂನಲ್ಲಿವೆ, ಅಲ್ಲೇ ಅರ್ಧ ದಿನ ಕೂತು ನೋಡಿ. ಅತ್ತರಿನ ಅಂಗಡಿ ಕಿತ್ತುಹಾಕು. ರಾಜರ ಕಣಿವೆಯ ಹತ್ತಿರದಲ್ಲೇ ದೇರ್ ಎಲ್ ಮದೀನಾ ಇದೆ, ರಾಜರ ಗೋರಿ ಕೆತ್ತಿದ ಕೆಲಸಗಾರರ ಊರು. ಕೂಲಿ ಧಾನ್ಯ ತಡವಾಯ್ತು ಅಂತ ಮೂರನೇ ರಾಮ್ಸೆಸ್ ಕಾಲದಲ್ಲಿ ಮುಷ್ಕರ ಹೂಡಿದ್ದು ಇವರೇ. ಇವರಲ್ಲಿ ಸೆನ್ನೆಜೆಮ್ ಅನ್ನೋನು ತನ್ನ ಗೋರಿಯ ಗೋಡೆ ಮೇಲೆ ಸತ್ತ ಮೇಲಿನ ಲೋಕ ಬರೆಸಿದ್ದಾನೆ. ಏನಿದೆ ಅಂತೀರ? ಗಂಡ ಹೆಂಡತಿ ನೇಗಿಲು ಹೂಡಿ ಉಳ್ತಿದ್ದಾರೆ, ಕೊಯ್ತಿದ್ದಾರೆ, ಕೆಳಗೆ ಸಾಲಾಗಿ ಖರ್ಜೂರದ ಮರ, ಪಕ್ಕದಲ್ಲಿ ಕಾಲುವೆ. ಅದೇ ಊರಿನ ಶಿಲ್ಪಿ ಇಪುಯ್‌ನ ಗೋರಿಯಲ್ಲಿ ಒಬ್ಬ ಏತದಿಂದ ನೀರೆತ್ತುತ್ತಿರೋ ಚಿತ್ರ ಇದೆ. ಏತ ಅಂದ್ರೆ ನಮ್ಮ ಏತವೇ, ಅದೇ ಉದ್ದನೆ ಮರ, ಅದೇ ಹಿಂದಿನ ಭಾರ. ಚಿಕ್ಕಪ್ಪನಿಗೆ ಆ ಚಿತ್ರ ಫೋನಲ್ಲಿ ಕಳಿಸಿದೆ. ಕನ್ನಡಕ ಹಾಕ್ಕೊಂಡು ದೊಡ್ಡದು ಮಾಡಿ ನೋಡಿ, 'ಇವ್ನು ಬಾನಿ ಇನ್ನಷ್ಟು ಕೆಳಗಿಳಿಸ್ಬೇಕು' ಅಂದ್ರು.

ತಮ್ಮ ಪೂರ್ತಿ ಒಪ್ಪಲಿಲ್ಲ. ಅಬು ಸಿಂಬೆಲ್ ಬಿಟ್ಟ, ಅತ್ತರಿನ ಅಂಗಡಿ ಉಳಿಸ್ಕೊಂಡ, ಅದನ್ನ ತೆಗೆದ್ರೆ ರೇಟು ಏರುತ್ತೆ ಅಂತ ಏಜೆಂಟ್ ಹೇಳಿದ್ನಂತೆ. ಹೈ ಡ್ಯಾಮ್ ಮಾತ್ರ ಎರಡು ಗಂಟೆ ಆಗಿದೆ.