ಐಟಂ ಮೋಟ್: ತೇಪೆಗಳನ್ನೂ ಉಳಿಸಿಕೊಂಡ ಮನೆ

ಇಂಗ್ಲೆಂಡಿನ ದೊಡ್ಡಮನೆ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಧಾರಾವಾಹಿಗಳಲ್ಲಿ ಕಂಡ ಅರಮನೆ: ಎತ್ತರದ ಕಂಬಗಳು, ಎಡಕ್ಕೆಷ್ಟು ಕಿಟಕಿಯೋ ಬಲಕ್ಕೂ ಅಷ್ಟೇ. ಕೆಂಟ್ ಸೀಮೆಯ ಐಟಂ ಮೋಟ್ ಆ ಜಾತಿಯದಲ್ಲ. ತಗ್ಗಿನಲ್ಲಿ, ಸುತ್ತ ನೀರು ತುಂಬಿದ ಕಂದಕದ ನಡುವೆ ಕೂತಿರುವ ಈ ಮ್ಯಾನರ್ ಮನೆಯನ್ನು ಯಾವ ಒಬ್ಬ ವಾಸ್ತುಶಿಲ್ಪಿಯೂ ಯೋಜಿಸಲಿಲ್ಲ. 14ನೆಯ ಶತಮಾನದಲ್ಲಿ ಶುರುವಾದದ್ದಕ್ಕೆ ಬಂದ ಬಂದ ಒಡೆಯರು ತಮಗೆ ಬೇಕಾದ್ದನ್ನು ಸೇರಿಸುತ್ತ ಹೋದರು. ಕೆಳಗೆ ಅಲ್ಲಿಯದೇ ಒರಟು ರ್‍ಯಾಗ್‌ಸ್ಟೋನ್ ಕಲ್ಲಿನ ಗೋಡೆ, ಮೇಲೆ ಹಲವೆಡೆ ಓಕ್ ಮರದ ಚೌಕಟ್ಟು. ಮಧ್ಯೆ ಅಂಗಳ, ಅದರ ನಾಲ್ಕೂ ಸುತ್ತ ಕೋಣೆಗಳು. ತೊಟ್ಟಿಮನೆಯಲ್ಲಿ ಓಡಾಡಿದವರಿಗೆ ಇದರ ಜಾಡು ಬೇಗ ಹತ್ತುತ್ತದೆ.

ಈ ಮನೆಯ ಹೆಚ್ಚುಗಾರಿಕೆ ಇರುವುದು ಅದರ ಹೊಂದಾಣಿಕೆಯಿಲ್ಲದ ಕೂಡಿಕೆಯಲ್ಲಿ. 1521ರಲ್ಲಿ ಮನೆ ಕೊಂಡ ರಿಚರ್ಡ್ ಕ್ಲೆಮೆಂಟ್ ಎಂಟನೆಯ ಹೆನ್ರಿಯ ಆಸ್ಥಾನದವನು. ಈಗ ಪ್ರಾರ್ಥನಾ ಮಂದಿರವಾಗಿರುವ ಉದ್ದನೆಯ ಕೋಣೆಯಲ್ಲಿ ತಲೆಯೆತ್ತಿ ನೋಡಿದರೆ ಅವನ ರಾಜಭಕ್ತಿ ಕಾಣುತ್ತದೆ. ಕಮಾನಿನಂತೆ ಬಾಗಿದ ಮರದ ಹಲಗೆಗಳ ಮೇಲೆ ಟ್ಯೂಡರ್ ಗುಲಾಬಿ, ಕೋಟೆಬಾಗಿಲಿನ ಸರಳುಗಳು, ಜೊತೆಗೆ ರಾಣಿ ಕ್ಯಾಥರೀನಳ ಲಾಂಛನವಾದ ದಾಳಿಂಬೆ. ಬಣ್ಣ ಮಾಸಿದೆ, ಹಲಗೆಗಳ ಸಂದು ಬಿಟ್ಟಿವೆ. ಹೆನ್ರಿ ಆ ರಾಣಿಯನ್ನು ಬಿಟ್ಟ, ಅವಳ ದಾಳಿಂಬೆ ಮಾತ್ರ ಇಲ್ಲಿ ಉಳಿಯಿತು. ಅಲ್ಲಿಂದ ನಡೆದು ಡ್ರಾಯಿಂಗ್ ರೂಮಿಗೆ ಬಂದರೆ ಗೋಡೆ ತುಂಬ 18ನೆಯ ಶತಮಾನದ, ಕೈಯಲ್ಲಿ ಬರೆದ ಚೀನೀ ಕಾಗದ. ಅಂಗಳದಲ್ಲಿ 1891ರಲ್ಲಿ ಡೈಡೋ ಎಂಬ ಸೇಂಟ್ ಬರ್ನಾರ್ಡ್ ನಾಯಿಗೆಂದು ಕಟ್ಟಿಸಿದ ಗೂಡು. ಅದಕ್ಕೂ ಸಂರಕ್ಷಿತ ಕಟ್ಟಡಗಳಲ್ಲೇ ಅತ್ಯುನ್ನತವಾದ ಮೊದಲ ದರ್ಜೆ ಸಿಕ್ಕಿದೆ! ನಗು ಬಂದರೂ ತೀರ್ಮಾನ ಸರಿಯೇ. ನಾಯಿಗೂಡು ಕಿತ್ತರೆ ಮುಂದೆ ಚೀನೀ ಕಾಗದವನ್ನೂ ಕೀಳಬೇಕಾಗುತ್ತದೆ. ಯಾವ ಶತಮಾನಕ್ಕೆ ಬಂದು ನಿಲ್ಲಬೇಕೆಂದು ಹೇಳುವವರು ಯಾರು?

ಆದರೆ ಈ ಮನೆಯನ್ನು ಉಳಿಸಿದ್ದು ಕಾನೂನು ಎಂದುಕೊಂಡರೆ ತಪ್ಪು. 1951ರಲ್ಲಿ ಮಾಲೀಕ ಥಾಮಸ್ ಕೋಲಿಯರ್-ಫರ್ಗ್ಯುಸನ್ ತೀರಿಕೊಂಡಾಗ ಚಾವಣಿಯ ಸೀಸವನ್ನು ಮಾರಿಕೊಳ್ಳಲು ಮನೆಯನ್ನೇ ಕೆಡವುವ ಮಾತು ಬಂದಿತ್ತು. ಫ್ಲ್ಯಾಟುಗಳಾಗಿ ಒಡೆಯುವ ಸಲಹೆಯೂ ಇತ್ತು. ಕಟ್ಟಡಗಳ ಪಟ್ಟಿ ಮಾಡುವ ವ್ಯವಸ್ಥೆ 1947ರ ಕಾಯಿದೆಯಲ್ಲೇ ಇದ್ದರೂ, ಪಟ್ಟಿಯಲ್ಲಿದ್ದುದನ್ನು ಕೆಡವಲು ಎರಡು ತಿಂಗಳ ಮುಂಚೆ ನೋಟಿಸು ಕೊಟ್ಟರೆ ಸಾಕಿತ್ತು. ಅನುಮತಿ ಪಡೆಯಲೇಬೇಕೆಂಬ ನಿಯಮ ಬಂದದ್ದು 1968ರಲ್ಲಿ. ಹಾಗಾಗಿ ಐಟಂ ಮೋಟ್ ಅಂದು ಬದುಕಿದ್ದು ಆ ಊರಕಡೆಯ ಮೂವರು 5,500 ಪೌಂಡ್ ಕೊಟ್ಟು ಕೊಂಡದ್ದರಿಂದ. 1953ರಲ್ಲಿ ಅದನ್ನು ಅವರಿಂದ ಕೊಂಡವನು ಅಮೆರಿಕದ ಮೇನ್ ರಾಜ್ಯದ ಚಾರ್ಲ್ಸ್ ಹೆನ್ರಿ ರಾಬಿನ್ಸನ್. ಕೊಂಡಮೇಲೆ ಹೆದರಿ, ಬೇಡವೆಂದು ಊರಿಗೆ ಮರಳುವ ಹಡಗಿನಲ್ಲೇ ಪತ್ರ ಬರೆದನಂತೆ, ಅಂಚೆಚೀಟಿ ಸಿಗದೆ ಅದು ಹೋಗಲಿಲ್ಲವಂತೆ. ಕಥೆ ಹೇಗಾದರೂ ಇರಲಿ, ಆತ ಚಾವಣಿ ರಿಪೇರಿ ಮಾಡಿಸಿದ, 1985ರಲ್ಲಿ ಮನೆ ಹಳೆಯ ತಾಣಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಸೇರಿತು. ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಚಾವಣಿ ಸೋರುವುದು ನಿಲ್ಲುವುದಿಲ್ಲ. ಸೋರುವುದನ್ನು ನಿಲ್ಲಿಸುವುದು ದುಡ್ಡು ಮತ್ತು ಹಟ.

ಟ್ರಸ್ಟ್ 1989ರಲ್ಲಿ ಕೈಹಾಕಿದ ಕೆಲಸ ಮುಗಿದದ್ದು 2004ರಲ್ಲಿ, ಖರ್ಚು ಒಂದು ಕೋಟಿ ಪೌಂಡಿಗೂ ಮಿಕ್ಕಿ. ನನ್ನ ಮಟ್ಟಿಗೆ ವಿಮರ್ಶೆಗೆ ಯೋಗ್ಯವಾದ ಭಾಗ ಇದೇ. ಓಕ್ ತೊಲೆಗಳನ್ನು ಡೆತ್‌ವಾಚ್ ಎಂಬ ಮರಕೊರೆವ ದುಂಬಿ ಒಳಗಿನಿಂದಲೇ ತಿಂದಿತ್ತು. ಮನೆಯ ಬಹುಭಾಗವನ್ನು ಬಿಚ್ಚಿ, ಯಾವ ಜಂತೆ ಎಲ್ಲಿ, ಹೇಗೆ ಕೂತಿತ್ತೆಂದು ದಾಖಲಿಸಿ, ಮತ್ತೆ ಜೋಡಿಸಿದರು. 1877ರಲ್ಲಿ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗೆಂದು ಸಂಘ ಕಟ್ಟಿದಾಗಿನಿಂದ ಅಲ್ಲಿಯ ನಿಷ್ಠಾವಂತರು ಹೇಳಿಕೊಂಡು ಬಂದದ್ದು ಒಂದೇ ಮಾತು: ರಿಪೇರಿ ಮಾಡಿ, ಹೊಸದಾಗಿ ಕಟ್ಟಬೇಡಿ. ಇಷ್ಟು ಬಿಚ್ಚಿ ಕಟ್ಟಿದ್ದು ಆ ಗೆರೆ ದಾಟಲಿಲ್ಲವೇ?

ಕಲ್ಲಿನ ಗೋಡೆಯಾಗಿದ್ದರೆ ದಾಟಿತು ಎನ್ನುತ್ತಿದ್ದೆ. ಮರದ ಚೌಕಟ್ಟಿನ ಸ್ವಭಾವ ಬೇರೆ. ಆ ಕಾಲದ ಬಡಗಿಗಳು ತೊಲೆಗಳನ್ನು ನೆಲದ ಮೇಲೆ ಹೊಂದಿಸಿ, ಸಂದುಗಳಿಗೆ ಗುರುತು ಕೆತ್ತಿ, ಬಿಚ್ಚಿ, ಆಮೇಲೆ ಮೇಲಕ್ಕೇರಿಸಿ ಮರದ ಗೂಟ ಹೊಡೆಯುತ್ತಿದ್ದರು. ಬಿಚ್ಚಲು ಬರುವಂತೆಯೇ ಕಟ್ಟಿದ್ದನ್ನು ಬಿಚ್ಚಿದ್ದು ಅಪಚಾರವಲ್ಲ. ಅದಕ್ಕಿಂತ ದೊಡ್ಡದು, ಜೋಡಿಸುವಾಗ ಟ್ರಸ್ಟ್ ತೋರಿದ ಸಂಯಮ. ‘ಅಪ್ಪಟ ಟ್ಯೂಡರ್ ಮನೆ’ ಮಾಡುವ ಆಸೆಗೆ ಬೀಳದೆ, ವಿಕ್ಟೋರಿಯಾ ಕಾಲದಲ್ಲಿ ವಾಸ್ತುಶಿಲ್ಪಿ ನಾರ್ಮನ್ ಷಾ ಹಾಲ್‌ನ ಗೋಡೆಗೆ ಹಾಕಿಸಿದ ಮರದ ಹಲಗೆಗಳನ್ನೂ, ರಾಬಿನ್ಸನ್‌ನ ಪುಸ್ತಕದ ಕೋಣೆಯನ್ನೂ ಉಳಿಸಿದರು.

ತಕರಾರಿಲ್ಲವೆಂದಲ್ಲ. ಹದಿನೈದು ವರ್ಷದ ಆ ಬಡಗಿಕೆಲಸ ಗಾರೆಯ ಒಳಗೆ, ಚಾವಣಿಯ ಮೇಲೆ ಮುಚ್ಚಿಹೋಗಿದೆ. ಈ ಮನೆಯ ಬಗ್ಗೆ ಜನರ ಬಾಯಲ್ಲಿ ಓಡಾಡುವುದು ಮಾತ್ರ ಗೋಡೆಯೊಳಗೆ ಹೆಂಗಸಿನ ಅಸ್ಥಿಪಂಜರ ಸಿಕ್ಕಿತೆಂಬ, ಆಧಾರವಿಲ್ಲದ ದೆವ್ವದ ಕಥೆ. ಒಂದು ಕೋಟಿ ಪೌಂಡ್ ಸುರಿಯುವುದು ಪ್ರತಿ ಹಳೇ ಮನೆಯ ಹಣೆಯಲ್ಲಿ ಬರೆದಿರುವುದೂ ಇಲ್ಲ. ಹಾಗಿದ್ದೂ, ಹಳೆಯ ಮನೆಯನ್ನು ಒಂದೇ ಕಾಲಕ್ಕೆ ತೊಳೆದು ನಿಲ್ಲಿಸದೆ, ಅದರ ತೇಪೆಗಳ ಸಮೇತ ಕಾಪಾಡಿದ ಕೆಲಸಗಳಲ್ಲಿ ಇದನ್ನು ನಾನು ಮೊದಲ ಸಾಲಿನಲ್ಲಿ ಇಡುತ್ತೇನೆ. ಕೆಂಟ್ ಕಡೆ ಹೋಗುವವರು ದೆವ್ವವನ್ನು ಬಿಟ್ಟು ತೊಲೆಗಳ ಸಂದುಗಳನ್ನು ನೋಡಲಿ.