ಮೂರು ನಿಮಿಷದಲ್ಲಿ ತಿರುಗೋದು ಹೇಗೆ?

ಕಳೆದ ಒಂದು ವರ್ಷದಲ್ಲಿ ನಾನು ನೋಡಿದ ಸರ್ಫಿಂಗ್ ಪಾಠದ ವಿಡಿಯೊಗಳಿಗೆ ಲೆಕ್ಕವಿಲ್ಲ. ಬೆಂಗಳೂರಲ್ಲಿ ಕೂತು ಕಡಲು ಕಲಿಯೋಕೆ ಬೇರೆ ದಾರಿ ಏನಿದೆ ಹೇಳಿ? ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಬೆಳಿಗ್ಗೆ ಮೂಲ್ಕಿ, ಭಾನುವಾರ ರಾತ್ರಿ ವಾಪಸ್ಸು. ನಡುವಿನ ಐದು ದಿನ ಮೊಬೈಲೇ ಮೇಷ್ಟ್ರು. ಹಾಗಾಗಿ ಈ ಮೇಷ್ಟ್ರ ಮೇಲೆ ದೂರು ಹೇಳುವ ಹಕ್ಕು ನನಗಿದೆ.

ಈ ವಿಡಿಯೊಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಶುರುವಾಗುವಾಗಲೇ ಒಬ್ಬಾತ ಅಲೆಯ ಮೇಲೆ ನಿಂತಿರುತ್ತಾನೆ. ಸ್ಲೋ ಮೋಷನ್ನಿನಲ್ಲಿ ಮಂಡಿ ಬಗ್ಗಿಸಿ, ಹಿಂಗಾಲು ಒತ್ತುತ್ತಾನೆ. ಬೋರ್ಡು ಬಿಲ್ಲಿನಂತೆ ಬಾಗಿ ತಿರುಗುತ್ತದೆ. ಪರದೆಯ ಮೇಲೆ ಬಾಣದ ಗುರುತುಗಳು, ಹಿನ್ನೆಲೆಯಲ್ಲಿ ಸಂಗೀತ. ಕಡಲಲ್ಲಿ ಮಾತ್ರ ಇನ್ನೊಂದು ನರಪಿಳ್ಳೆಯೂ ಇರಲ್ಲ.

ಇದನ್ನು ನಂಬಿ ನಾನು ಹೋದ ಡಿಸೆಂಬರಿನಲ್ಲಿ ಫೋಮ್ ಬೋರ್ಡು ಬಿಟ್ಟು ಏಳೂವರೆ ಅಡಿಯ ಮಿಡ್-ಲೆಂಗ್ತ್ ಹಿಡಿದೆ. ಆರಡಿಯ ಆಸುಪಾಸಿನ ಶಾರ್ಟ್‌ಬೋರ್ಡಿಗೂ ಒಂಬತ್ತಡಿಯ ಲಾಂಗ್‌ಬೋರ್ಡಿಗೂ ನಡುವಿನದು ಇದು. ಪುಟ್ಟ ಅಲೆಯನ್ನೂ ಹಿಡಿಯುತ್ತದೆ, ಕಲಿತರೆ ತಿರುಗುತ್ತದೆ ಕೂಡ. ನೇರ ಹೋಗೋದು ನನಗೆ ಬರುತ್ತಿತ್ತು. ಒಂದು ಬೆಳಿಗ್ಗೆ ಹಾಗೆ ಹೋಗುವಾಗ ಎದುರಿಗೆ ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಬೋರ್ಡಿನ ಮೇಲೆ ಮಲಗಿ ಈಜುತ್ತಾ ಬರುತ್ತಿದ್ದ. ವಿಡಿಯೊ ನೆನಪಾಯ್ತು. ಹಿಂಗಾಲು ಜೋರಾಗಿ ಒತ್ತಿದೆ. ಮೂತಿ ಮೇಲೆದ್ದಿತೇ ಹೊರತು ಬೋರ್ಡು ತಿರುಗಲಿಲ್ಲ. ನಾನು ಹಿಂದಕ್ಕೆ ಬಿದ್ದೆ, ಬೋರ್ಡು ಮುಂದಕ್ಕೆ ಚಿಮ್ಮಿ ಅವನ ತಲೆಯ ಪಕ್ಕದಲ್ಲೇ ಹಾದುಹೋಯ್ತು.

ಕಲಿಸುವ ಹುಡುಗ ಬೈಯಲಿಲ್ಲ. "ಎಂತ ಮಾರಾಯ್ರೆ, ಮೊದ್ಲು ತಪ್ಪಿಸ್ಲಿಕ್ಕೆ ಕಲೀರಿ. ಸ್ಟೈಲ್ ಎಲ್ಲ ಮತ್ತೆ" ಅಂದ. ಆ ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ.

ವಿಡಿಯೊ ಹೇಳಿದ್ದು ಸುಳ್ಳೇನಲ್ಲ, ಅರ್ಧ ಸತ್ಯ. ಪುಟ್ಟ ಬೋರ್ಡು ಹಿಂಗಾಲಿನ ಮಾತು ತಕ್ಷಣ ಕೇಳುತ್ತದೆ. ಮಿಡ್-ಲೆಂಗ್ತಿನಲ್ಲಿ, ಅದೂ ವೇಗವಿಲ್ಲದಾಗ, ಹಾಗೆ ಒತ್ತಿದರೆ ಬ್ರೇಕ್ ಹಾಕಿದಂತೆ. ಅದಕ್ಕೆ ಮೊದಲು ವೇಗ ಬೇಕು. ಹಿಂಗಾಲು ಸರಿಸಿ ಫಿನ್‌ಗಳ ಮೇಲೆ ತರಬೇಕು. ಹೋಗಬೇಕಾದ ಕಡೆ ಕಣ್ಣು, ಆಮೇಲೆ ಭುಜ, ಆಮೇಲೆ ಸೊಂಟ. ಎಡಗಾಲು ಮುಂದಿಡುವ ನನಗೆ ಬಲಕ್ಕೆ ಹೋಗುವಾಗ ಅಲೆ ಎದುರಿಗಿರುತ್ತದೆ, ಭಾರ ಕಾಲ್ಬೆರಳ ಮೇಲೆ. ಎಡಕ್ಕಾದರೆ ಅಲೆ ಬೆನ್ನಿಗೆ, ಭಾರ ಹಿಮ್ಮಡಿಯ ಮೇಲೆ. ಬೋರ್ಡಿನ ಅಂಚು ನೀರನ್ನು ಕಚ್ಚಿದ ಮೇಲೆ ಸುಮ್ಮನೆ ಕಾಯಬೇಕು. ಉದ್ದದ ಅಂಚು, ದೊಡ್ಡ ತಿರುವು. ಅವಸರ ಮಾಡಿದರೆ ಕೆಟ್ಟಿತು.

ಈ ಕಾಯುವುದನ್ನು ಸ್ಲೋ ಮೋಷನ್ ಕಲಿಸಲಾರದು. ಅಲ್ಲಿ ಕ್ಷಣವೊಂದು ಹತ್ತು ಸೆಕೆಂಡಿನಷ್ಟು ಹಿಗ್ಗಿ, ಯೋಚನೆ ಮಾಡೋಕೆ ಪುರುಸೊತ್ತಿದೆ ಅನ್ನಿಸುತ್ತದೆ. ನಿಜವಾದ ಅಲೆಯಲ್ಲಿ ಎತ್ತ ತಿರುಗಬೇಕು ಅನ್ನೋದು ಎದ್ದು ನಿಲ್ಲುವ ಮೊದಲೇ ತೀರ್ಮಾನವಾಗಿರಬೇಕು: ಅಲೆ ಯಾವ ಕಡೆ ಒಡೀತಿದೆ, ದಾರೀಲಿ ಯಾರಿದ್ದಾರೆ, ಒಡೆಯುವ ಜಾಗಕ್ಕೆ ನನಗಿಂತ ಹತ್ತಿರ ಯಾರಿದ್ದಾರೆ. ಹತ್ತಿರ ಇರೋರದ್ದೇ ಆ ಅಲೆ. ಈ ಭಾಗಕ್ಕೇ ವಿಡಿಯೊ ಕತ್ತರಿ ಹಾಕಿರುತ್ತದೆ.

ಉಪಯೋಗವೇ ಇಲ್ಲವೆಂದರೆ ಅನ್ಯಾಯ. ಗೆಳೆಯನೊಬ್ಬ ದಡದಿಂದ ತೆಗೆದ ನನ್ನದೇ ವಿಡಿಯೊ ನೋಡಿದಾಗಲೇ ನಾನು ಕಾಲು ನೋಡಿಕೊಂಡು ನಿಲ್ಲುತ್ತೇನೆಂದು ಗೊತ್ತಾಗಿದ್ದು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸರ್ಫ್‌ಸ್ಕೇಟ್ ಹತ್ತಿ ಭುಜ ತಿರುಗಿಸೋದನ್ನು ಕಲಿತದ್ದೂ ವಿಡಿಯೊ ನೋಡಿಯೇ. ಆದರೆ ಬೇಸ್‌ಮೆಂಟಿನ ನೆಲ ಕದಲಲ್ಲ.

ನಮ್ಮ ತಲೆಮಾರಿಗೆ ಎಲ್ಲವನ್ನೂ ಕೌಶಲ ಅಂತ ನೋಡೋ ಚಟ. ಕಲಿತರೆ ಪೋಸ್ಟ್ ಮಾಡಬಹುದು. ವಿಡಿಯೊಗಳು ತಿರುವನ್ನು ಮಾರೋದೂ ಹಾಗೇ, ಚಂದ ಕಾಣಲಿಕ್ಕೆ. ಅದು ಮೊದಲಿಗೆ ಇನ್ನೊಬ್ಬರಿಗೆ ಪೆಟ್ಟಾಗದಂತೆ ನೋಡಿಕೊಳ್ಳುವ ಜವಾಬ್ದಾರಿ ಅಂತ ಒಂದರಲ್ಲೂ ನಾನು ಕೇಳಲಿಲ್ಲ.

ಹೋದ ವಾರ ಬಲಕ್ಕೆ ಒಂದು ತಿರುವು ಸಿಕ್ಕಿತು. ಯಾರೂ ವಿಡಿಯೊ ತೆಗೆದಿರಲಿಲ್ಲ. ಎದುರಿಗೆ ಈಜಿ ಬರುತ್ತಿದ್ದ ಹೆಂಗಸೊಬ್ಬರು ತಲೆ ಕೂಡ ಎತ್ತಲಿಲ್ಲ. ತಿರುವು ಸರಿಯಾಗಿತ್ತು ಅಂತ ಅದರಿಂದಲೇ ಗೊತ್ತಾಯ್ತು.